ಅಮೂರ್ತ ಚಿತ್ರವನ್ನು ಬಟ್ಟೆಗೆ ಇಳಿಸುವುದು: ಕಾಗದದಿಂದ ಸ್ಯಾಂಪಲ್‌ವರೆಗೆ

ಅಮೂರ್ತ ಚಿತ್ರ ಬರೆಯುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ: ಇದನ್ನು ಬಟ್ಟೆ ಮೇಲೆ ಹಾಕಿದರೆ ಹೇಗಿರುತ್ತದೆ? ಆಸೆ ಒಳ್ಳೆಯದೇ. ಆದರೆ ಹೆಚ್ಚಿನವರು ಚಿತ್ರದ ಫೋಟೊ ತೆಗೆದು, ಹಾಗೇ ಪ್ರಿಂಟ್‌ಗೆ ಕಳಿಸಿ, ಬಂದ ಬಟ್ಟೆ ನೋಡಿ ಬೇಸರ ಮಾಡಿಕೊಳ್ಳುತ್ತಾರೆ. ಬಣ್ಣ ಮಂಕಾಗಿರುತ್ತದೆ. ತುಣುಕುಗಳು ಸೇರುವ ಕಡೆ ಗೆರೆ ಎದ್ದು ಕಾಣುತ್ತದೆ. ಕಾಗದದ ಮೇಲೆ ಜೀವ ತುಂಬಿಕೊಂಡಿದ್ದ ಕುಂಚದ ಬೀಸು ಬಟ್ಟೆ ಮೇಲೆ ಯಾರೋ ಚೆಲ್ಲಿದ ಕಲೆಯ ಹಾಗೆ ಕಾಣುತ್ತದೆ.

ಇದಕ್ಕೆ ಕಾರಣ ಇದೆ. ಚಿತ್ರಕ್ಕೆ ನಾಲ್ಕು ಅಂಚು ಇರುತ್ತವೆ, ನೀವು ಬರೆದದ್ದೆಲ್ಲ ಆ ಅಂಚುಗಳನ್ನು ನಂಬಿಕೊಂಡೇ ನಿಂತಿರುತ್ತದೆ. ಥಾನಿನಲ್ಲಿ ಬರುವ ಬಟ್ಟೆಗೆ ಉದ್ದಕ್ಕೆ ಕೊನೆಯೇ ಇಲ್ಲ. ಅದು ಮಡಚುತ್ತದೆ, ನೆರಿಗೆ ಬೀಳುತ್ತದೆ, ಯಾರೋ ಎಲ್ಲೋ ಕತ್ತರಿ ಹಾಕಿ ಹೊಲಿಯುತ್ತಾರೆ. ಹಾಗಾಗಿ ಚಿತ್ರವನ್ನು ಇಡಿಯಾಗಿ ಹೊತ್ತು ತರುವ ಯೋಚನೆಯನ್ನು ಮೊದಲೇ ಬಿಟ್ಟುಬಿಡಿ. ಅದರಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಒಂದು ಗುಣ ಹುಡುಕಿ, ಅದರಿಂದ ಬಟ್ಟೆಯನ್ನು ಹೊಸದಾಗಿ ಕಟ್ಟಿ. ಮುಂದೆ ಹೇಳುವುದೆಲ್ಲ ಅದನ್ನು ಮಾಡುವ ಕ್ರಮ.

1. ಚಿತ್ರ ಆರಿಸುವುದು

ನಿಮ್ಮ ಅತ್ಯುತ್ತಮ ಚಿತ್ರವನ್ನು ಆರಿಸಬೇಡಿ. ವಿಚಿತ್ರ ಅನ್ನಿಸಬಹುದು, ಆದರೆ ಒಳ್ಳೆಯ ಚಿತ್ರದಲ್ಲಿ ಸಾಮಾನ್ಯವಾಗಿ ಕಣ್ಣನ್ನು ಹಿಡಿದು ನಿಲ್ಲಿಸುವ ಒಂದು ಜಾಗ ಇರುತ್ತದೆ. ಬೂದು ಬಣ್ಣದ ನಡುವೆ ಒಂದೇ ಒಂದು ಕೆಂಪು ಮಚ್ಚೆ ಅಂದುಕೊಳ್ಳಿ. ಗೋಡೆ ಮೇಲೆ ಅದು ಅದ್ಭುತ. 150 ಸೆಂ.ಮೀ. ಅಗಲದ ಬಟ್ಟೆಯಲ್ಲಿ ವಿನ್ಯಾಸ ಪ್ರತಿ 30 ಸೆಂ.ಮೀ.ಗೆ ಮರಳಿ ಬಂದರೆ ಅದೇ ಮಚ್ಚೆ ಒಂದು ಸಾಲಿನಲ್ಲಿ ಐದು ಸಲ ಬರುತ್ತದೆ. ಆಗ ನೋಡುವವರಿಗೆ ಬೂದು ಬಣ್ಣದ ಸೂಕ್ಷ್ಮ ಏನೂ ಕಾಣುವುದಿಲ್ಲ, ಕೆಂಪು ಚುಕ್ಕೆಗಳ ಸಾಲು ಮಾತ್ರ ಕಾಣುತ್ತದೆ.

ಬಟ್ಟೆಗೆ ಚೆನ್ನಾಗಿ ಒಗ್ಗುವುದು ಎಲ್ಲೆಡೆ ಒಂದೇ ಹದದಲ್ಲಿ ಹರಡಿಕೊಂಡ ಚಿತ್ರ. ಗೆರೆಗಳ ಗುಂಪು, ಒಂದರ ಮೇಲೊಂದು ಬಿದ್ದ ಆಕಾರಗಳು, ತಾಳ ಹಿಡಿದ ಹಾಗೆ ಬರುವ ಬೀಸುಗಳು. ಅಭ್ಯಾಸದ ಪುಸ್ತಕದ ಮೂಲೆಯಲ್ಲಿ ಸುಮ್ನೆ ಗೀಚಿದ್ದು ಎಷ್ಟೋ ಸಲ ದೊಡ್ಡ ಕ್ಯಾನ್ವಾಸಿಗಿಂತ ಚೆನ್ನಾಗಿ ಒದಗುತ್ತದೆ.

ಆರಿಸುವಾಗ ಎರಡು ಪರೀಕ್ಷೆ ಮಾಡಿ. ಚಿತ್ರವನ್ನು ತಲೆಕೆಳಗು ಮಾಡಿ, ಆಮೇಲೆ ಅಡ್ಡಡ್ಡ ತಿರುಗಿಸಿ ನೋಡಿ. ಆಗಲೂ ನೋಡಬೇಕು ಅನ್ನಿಸಿದರೆ ಒಳ್ಳೆಯ ಲಕ್ಷಣ. ಇನ್ನೊಂದು, ದಪ್ಪ ಕಾಗದದಲ್ಲಿ ಅಂಗೈಯಷ್ಟು ದೊಡ್ಡ ಕಿಟಕಿ ಕತ್ತರಿಸಿ ಚಿತ್ರದ ಮೇಲೆ ಅಲ್ಲಲ್ಲಿ ಇಟ್ಟು ನೋಡಿ. ಎಲ್ಲಿ ಇಟ್ಟರೂ ಏನೋ ಒಂದು ನಡೆಯುತ್ತಿದೆ ಅನ್ನಿಸಿದರೆ ಅದು ಬಟ್ಟೆಗೆ ಬರುತ್ತದೆ. ಒಂದೇ ಕಡೆ ಮಾತ್ರ ಚೆನ್ನಾಗಿದ್ದರೆ ಆ ಒಂದು ತುಣುಕನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಮರೆತುಬಿಡಿ.

2. ಹೇಗೆ ತಯಾರಾಗುತ್ತದೆ ಅನ್ನುವುದನ್ನು ಈಗಲೇ ನಿರ್ಧರಿಸಿ

ಇದನ್ನು ಕೊನೆಗೆ ಬಿಡುವವರೇ ಜಾಸ್ತಿ. ಆದರೆ ಮುದ್ರಣ, ನೇಯ್ಗೆ, ಹೆಣಿಗೆ, ಕಸೂತಿ, ಇವು ನಾಲ್ಕೂ ನಾಲ್ಕು ಬೇರೆ ಬೇರೆ ಕೈಗಳು. ಒಂದೇ ಚಿತ್ರವನ್ನು ನಾಲ್ಕೂ ಒಂದೇ ರೀತಿ ಓದುವುದಿಲ್ಲ. ನೀರುಬಣ್ಣದ ತೆಳು ಹರಿವು ಬೇಕೇ ಬೇಕು ಅಂದರೆ ಡಿಜಿಟಲ್ ಮುದ್ರಣ ಸುಲಭದ ದಾರಿ. ಗಟ್ಟಿ ಅಂಚಿನ ಆಕಾರ, ನಾಲ್ಕೈದು ಬಣ್ಣ, ದಟ್ಟವಾದ ಛಾಪು ಬೇಕು ಅಂದರೆ ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿಯ ಮೂಲಕ ಬಣ್ಣ ಒತ್ತಿ ಮುದ್ರಿಸುವುದು. ಆಕಾರಕ್ಕಿಂತ ಮೈ ಮುಖ್ಯ, ಅಂದರೆ ಉಬ್ಬು ತಗ್ಗು, ಹೊಳಪು ಮಂಕು ಬೇಕು ಅಂದರೆ ನೇಯ್ಗೆಯ ಕಡೆ ಹೋಗಿ. ಗೆರೆಯೇ ಚಿತ್ರದ ಪ್ರಾಣವಾಗಿದ್ದರೆ ಕಸೂತಿ, ಯಾಕೆಂದರೆ ದಾರ ಅನ್ನುವುದೇ ಒಂದು ಗೆರೆ ಅಲ್ವಾ.

ಬಟ್ಟೆ ಯಾವುದಕ್ಕೆ ಅನ್ನುವುದೂ ಇಲ್ಲೇ ತೀರ್ಮಾನ ಆಗಬೇಕು. ಪರದೆ, ಅಂಗಿ, ಸೋಫಾ ಕವರ್, ಶಾಲು. ಶಾಲಿಗೆ ಅಂಚು ಇರುತ್ತದೆ, ಹಾಗಾಗಿ ಅಲ್ಲಿ ಚಿತ್ರವನ್ನು ಇಡಿಯಾಗಿ ಕೂರಿಸುವುದೂ ಸಾಧ್ಯ. ಪೂರ್ತಿ ಚಿತ್ರ ಬಿಡಲು ಮನಸ್ಸೇ ಬರುತ್ತಿಲ್ಲ ಅನ್ನುವವರು ಶಾಲಿನಿಂದಲೇ ಶುರು ಮಾಡಿ, ರಿಪೀಟಿನ (ಒಂದೇ ತುಣುಕು ಬಟ್ಟೆ ತುಂಬ ಮತ್ತೆ ಮತ್ತೆ ಬರುವ ಹಾಗೆ ಜೋಡಿಸುವುದರ) ತಲೆನೋವು ಇಲ್ಲ. ಗೋಡೆಗೆ ತೂಗುಹಾಕುವ ಬಟ್ಟೆಯೂ ಅಷ್ಟೇ. ಫ್ರೆಂಚ್ ಚಿತ್ರಕಲಾವಿದ ಮಾತೀಸ್ ಪ್ಯಾರಿಸ್ಸಿನ ತಮ್ಮ ಮನೆಯ ಗೋಡೆ ಮೇಲೆ ಬಿಳಿ ಕಾಗದದ ಆಕಾರಗಳನ್ನು ಅಂಟಿಸಿದ್ದರು, 1946ರಲ್ಲಿ ಲಂಡನ್ನಿನ ಬಟ್ಟೆ ತಯಾರಕ ಝೀಕಾ ಆಶರ್ ಅವುಗಳನ್ನು ಲಿನನ್ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡುವ ಕೆಲಸ ಶುರು ಮಾಡಿದರು. ಅಲ್ಲಿ ಗಮನಿಸಬೇಕಾದ ಸಂಗತಿ ಅಂದರೆ ಬಟ್ಟೆಯ ಬಣ್ಣ. ಗೋಡೆಯ ಮಾಸಲು ಬಣ್ಣಕ್ಕೆ ಹೊಂದುವ ಲಿನನ್ ಆಯ್ದುಕೊಂಡರು, ಆಕಾರಗಳನ್ನು ಬಿಳಿಯಲ್ಲಿ ಮುದ್ರಿಸಿದರು. ಹಿನ್ನೆಲೆಯೂ ವಿನ್ಯಾಸದ ಭಾಗವೇ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

3. ಸ್ಕ್ಯಾನ್

ಬೇಗ ಮುಗಿಸೋಣ. 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಟಿಫ್ ಅನ್ನುವ ಬಗೆಯ ಕಡತವಾಗಿ ಉಳಿಸಿ. ಆಮೇಲೆ ದೊಡ್ಡದು ಮಾಡಬೇಕಾಗಿ ಬಂದರೆ ಎರಡು ಪಟ್ಟು ಹಿಗ್ಗಿಸಿದರೂ 300 ಉಳಿಯುತ್ತದೆ. ಸ್ಕ್ಯಾನರಿಗೆ ಹಿಡಿಸದಷ್ಟು ದೊಡ್ಡ ಚಿತ್ರವಾದರೆ ಭಾಗ ಭಾಗವಾಗಿ ಮಾಡಿ ಜೋಡಿಸಿ. ಫೋಟೊ ತೆಗೆಯಲೇಬೇಕು ಅಂದರೆ ಎರಡೂ ಬದಿಯಿಂದ ಸಮನಾದ ಬೆಳಕು ಇರಲಿ. ಒಂದು ಮೂಲೆ ಸ್ವಲ್ಪ ಕಪ್ಪಾಗಿದ್ದರೂ ರಿಪೀಟ್ ಮಾಡಿದಾಗ ಆ ನೆರಳು ಪಟ್ಟೆ ಪಟ್ಟೆಯಾಗಿ ಬಟ್ಟೆ ಪೂರ್ತಿ ಕಾಣುತ್ತದೆ.

ಕಾಗದದ ಬಣ್ಣವನ್ನು ತೆಗೆಯಬೇಕೇ ಉಳಿಸಬೇಕೇ ಅನ್ನುವುದು ಮಾತ್ರ ಯೋಚಿಸಬೇಕಾದ ವಿಷಯ. ನನ್ನ ಅಭಿಪ್ರಾಯ, ತೆಗೆಯಿರಿ. ಬಟ್ಟೆಗೆ ಅದರದೇ ಮೈ ಇದೆ. ಅದರ ಮೇಲೆ ಕಾಗದದ ಮೈಯನ್ನೂ ಮುದ್ರಿಸಿದರೆ ಎರಡೂ ಸೇರಿ ಕೊಳೆಯಾದ ಹಾಗೆ ಕಾಣುತ್ತದೆ.

4. ಚಿತ್ರವನ್ನು ಬಿಡಿ ಬಿಡಿ ಮಾಡುವುದು

ಈಗ ಚಿತ್ರದ ಎದುರು ಕುಳಿತು ಅದರಲ್ಲಿ ಏನೇನು ಇದೆ ಅಂತ ಬೇರೆ ಬೇರೆ ಮಾಡಿ. ನಾನು ಮೂರು ಪದರವಾಗಿ ನೋಡುತ್ತೇನೆ: ಹಿನ್ನೆಲೆ, ದೊಡ್ಡ ಆಕಾರ, ಗೆರೆ ಮತ್ತು ಚುಕ್ಕೆ. ಪ್ರತಿ ಪದರವನ್ನೂ ಬೇರೆ ಟ್ರೇಸಿಂಗ್ ಕಾಗದದ ಮೇಲೆ ತೆಗೆದುಕೊಳ್ಳಿ, ಇಲ್ಲವೇ ಕಂಪ್ಯೂಟರಿನಲ್ಲಿ ಬೇರೆ ಲೇಯರಿನಲ್ಲಿ ಇಡಿ.

ಆಮೇಲೆ ಮಾಡಬೇಕಾದ ಕೆಲಸ ಹಲವರು ಬಿಟ್ಟುಬಿಡುತ್ತಾರೆ. ಅದೇ ಕುಂಚ, ಅದೇ ಮಸಿ, ಅದೇ ವೇಗದಲ್ಲಿ ಇನ್ನಷ್ಟು ಗುರುತುಗಳನ್ನು ಹಾಕಿ. ಹಾಳೆ ತುಂಬ ಬರೀ ಬೀಸುಗಳು, ಇನ್ನೊಂದು ಹಾಳೆ ತುಂಬ ಬರೀ ವೃತ್ತಗಳು. ರಿಪೀಟ್ ಕಟ್ಟುವಾಗ ಅಲ್ಲಲ್ಲಿ ಖಾಲಿ ಜಾಗ ತುಂಬಬೇಕಾಗುತ್ತದೆ, ಆಗ ಚಿತ್ರದಲ್ಲಿದ್ದ ಅದೇ ಬೀಸನ್ನು ನಕಲು ಮಾಡಿ ಅಂಟಿಸಿದರೆ ಎರಡೂ ಒಂದೇ ಅಂತ ಕಣ್ಣು ತಕ್ಷಣ ಹಿಡಿದುಬಿಡುತ್ತದೆ. ಕೈಯಿಂದ ಹಾಕಿದ ಎರಡು ಬೀಸು ಎಂದೂ ಒಂದೇ ತರ ಇರುವುದಿಲ್ಲ, ಆ ವ್ಯತ್ಯಾಸವೇ ಬಟ್ಟೆಗೆ ಜೀವ ಕೊಡುವುದು.

ಹೀಗೆ ಬಿಡಿ ಬಿಡಿ ಮಾಡಿದ ಮೇಲೆ ಚಿತ್ರದಲ್ಲಿ ಏನು ಉಳಿಯಿತು ಅಂತ ನೋಡಿ. ಮಾಸ್ಕೋದಲ್ಲಿ ಲ್ಯುಬೊವ್ ಪೊಪೊವಾ ಮತ್ತು ವಾರ್ವರಾ ಸ್ಟೆಪನೋವಾ 1923–24ರಲ್ಲಿ ಬಟ್ಟೆ ಮುದ್ರಿಸುವ ಸರ್ಕಾರಿ ಕಾರ್ಖಾನೆಗೆ ವಿನ್ಯಾಸ ಮಾಡುವಾಗ ವೃತ್ತ, ತ್ರಿಕೋನ, ಪಟ್ಟೆಗಳನ್ನು ಸ್ಕೇಲ್ ಮತ್ತು ಕೈವಾರ ಹಿಡಿದು ಹಾಕಿದರು, ಬಣ್ಣವೂ ಕಡಿಮೆ. ಇಬ್ಬರೂ ಅಮೂರ್ತ ಚಿತ್ರ ಬರೆದವರೇ, ಆದರೆ ಕ್ಯಾನ್ವಾಸನ್ನು ಬಟ್ಟೆಗೆ ನಕಲು ಮಾಡಲಿಲ್ಲ. ಅಲ್ಲಿಂದ ಆಕಾರಗಳ ವ್ಯಾಕರಣವನ್ನು ಮಾತ್ರ ತಂದರು. ನಿಮ್ಮ ಕೈ ಜ್ಯಾಮಿತಿಯದ್ದಲ್ಲದೆ ಇರಬಹುದು, ಒದ್ದೆ ಕುಂಚದ್ದೇ ಇರಬಹುದು, ಆದರೂ ಕೆಲಸದ ದಾರಿ ಅದೇ.

5. ರಿಪೀಟ್ ಕಟ್ಟುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಹಂತ ಇದು. ಕಂಪ್ಯೂಟರಿಗೆ ಹೋಗುವ ಮುಂಚೆ ಒಮ್ಮೆಯಾದರೂ ಕಾಗದದಲ್ಲಿ ಮಾಡಿ. ಕೈಯಲ್ಲಿ ಮಾಡಿದರೆ ತಲೆಗೆ ಹತ್ತುತ್ತದೆ.

ಒಂದು ಚೌಕ ಹಾಳೆ ತೆಗೆದುಕೊಳ್ಳಿ. ನಡುವೆ ಬರೆಯಿರಿ, ಅಂಚುಗಳನ್ನು ಮುಟ್ಟಬೇಡಿ. ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೆ, ಬಲದ ತುಂಡನ್ನು ಎಡಕ್ಕೆ ಇಟ್ಟು ಹಿಂದಿನಿಂದ ಟೇಪ್ ಹಚ್ಚಿ. ಈಗ ಅಡ್ಡಕ್ಕೆ ಅರ್ಧ ಕತ್ತರಿಸಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಟ್ಟು ಅಂಟಿಸಿ. ನೀವು ಬರೆದದ್ದು ನಾಲ್ಕು ಮೂಲೆಗೆ ಹೋಗಿರುತ್ತದೆ, ನಡುವೆ ಖಾಲಿ ಇರುತ್ತದೆ. ಆ ಖಾಲಿಯಲ್ಲಿ ಬರೆಯಿರಿ, ಟೇಪ್ ಹಚ್ಚಿದ ಗೆರೆಗಳ ಮೇಲೆ ಧೈರ್ಯವಾಗಿ ದಾಟಿ ಬರೆಯಿರಿ, ಆದರೆ ಹೊರಗಿನ ಅಂಚನ್ನು ಮಾತ್ರ ಮುಟ್ಟಬೇಡಿ. ಮುಗಿಯಿತು. ಈ ಹಾಳೆಯ ನಾಲ್ಕು ಪ್ರತಿ ಮಾಡಿ ಪಕ್ಕ ಪಕ್ಕ ಇಟ್ಟರೆ ಜೋಡಣೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು ಆಫ್‌ಸೆಟ್ ಅನ್ನುವ ಆಯ್ಕೆ ಒಂದು ಕ್ಲಿಕ್ಕಿನಲ್ಲಿ ಮಾಡುತ್ತದೆ.

ಇದು ನೇರ ರಿಪೀಟ್. ತೊಂದರೆ ಏನೆಂದರೆ ಆಕಾರಗಳು ಸೈನಿಕರ ಹಾಗೆ ಸಾಲಾಗಿ ನಿಲ್ಲುತ್ತವೆ. ಅಮೂರ್ತ ವಿನ್ಯಾಸಕ್ಕೆ ಸಾಮಾನ್ಯವಾಗಿ ಹಾಫ್ ಡ್ರಾಪ್ ಚೆನ್ನಾಗಿ ಹೊಂದುತ್ತದೆ, ಅಂದರೆ ಪಕ್ಕದ ಸಾಲು ಅರ್ಧ ಎತ್ತರದಷ್ಟು ಕೆಳಕ್ಕೆ ಜಾರಿರುತ್ತದೆ. ಕಾಗದದಲ್ಲಿ ಮಾಡುವುದಾದರೆ ಮೊದಲು ಮೇಲೆ ಕೆಳಗೆ ಅದಲುಬದಲು ಮಾಡಿ. ಆಮೇಲೆ ಉದ್ದಕ್ಕೆ ಕತ್ತರಿಸಿ ಎಡ ಬಲ ಅದಲುಬದಲು ಮಾಡುವಾಗ, ಈಗ ಬಲಕ್ಕೆ ಬಂದ ತುಂಡನ್ನು ಅರ್ಧ ಎತ್ತರ ಕೆಳಗೆ ಜಾರಿಸಿ, ಕೆಳಗೆ ಹೊರಚಾಚಿದ ಭಾಗವನ್ನು ಕತ್ತರಿಸಿ ಅದೇ ಸಾಲಿನ ಮೇಲ್ಭಾಗಕ್ಕೆ ಅಂಟಿಸಿ. ಆಮೇಲೆ ನಡುವಿನ ಗೆರೆ ಕಾಣದ ಹಾಗೆ ಬರೆದು ತುಂಬಿ. ಮೊದಲ ಸಲ ಸ್ವಲ್ಪ ತಲೆ ತಿರುಗುತ್ತದೆ, ನಿಧಾನಕ್ಕೆ ಮಾಡಿ.

ಮೂರು ಅಡ್ಡ ಮೂರು, ಒಟ್ಟು ಒಂಬತ್ತು ತುಣುಕು ಜೋಡಿಸಿ ನೋಡದೆ ಯಾವ ರಿಪೀಟನ್ನೂ ಒಪ್ಪಬೇಡಿ. ಒಂದೇ ತುಣುಕು ನೋಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಒಂಬತ್ತನ್ನು ಗೋಡೆಗೆ ಹಚ್ಚಿ, ಕೋಣೆಯ ಆ ತುದಿಗೆ ಹೋಗಿ, ಕಣ್ಣು ಅರೆ ಮುಚ್ಚಿ ನೋಡಿ. ಖಾಲಿ ಜಾಗಗಳು ಕೂಡಿಕೊಂಡು ನದಿಯಂತೆ ಅಡ್ಡಲೋ ಓರೆಯಾಗಿಯೋ ಹರಿಯುತ್ತಿವೆಯೇ? ಯಾವುದೋ ಒಂದು ಆಕಾರ ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಚುಚ್ಚುತ್ತಿದೆಯೇ? ಮುಖದಂತೆ, ಕಣ್ಣಿನಂತೆ, ಇನ್ನೇನೋ ಬೇಡದ್ದರಂತೆ ಕಾಣುತ್ತಿದೆಯೇ? (ಅಮೂರ್ತ ವಿನ್ಯಾಸದಲ್ಲಿ ಇದು ಬಹಳ ಆಗುತ್ತದೆ. ಎರಡು ವೃತ್ತ, ಕೆಳಗೊಂದು ಬೀಸು ಬಂದರೆ ಸಾಕು, ಬಟ್ಟೆ ತುಂಬ ನಗುವ ಮುಖಗಳು. ಬೇರೆಯವರಿಗೆ ತೋರಿಸಿ, ಅವರಿಗೆ ನಿಮಗಿಂತ ಮೊದಲು ಕಾಣುತ್ತದೆ.)

ನದಿ ಕಂಡರೆ ಅದರ ಮೇಲೆ ಒಂದು ಆಕಾರ ಇಟ್ಟು ಹರಿವನ್ನು ಮುರಿಯಿರಿ. ಒಂದು ಆಕಾರ ಚುಚ್ಚುತ್ತಿದ್ದರೆ ಎರಡು ದಾರಿ: ಅದನ್ನು ತಗ್ಗಿಸಿ, ಇಲ್ಲವೇ ಅದೇ ತೂಕದ ಇನ್ನೆರಡನ್ನು ತುಣುಕಿನಲ್ಲಿ ಬೇರೆ ಕಡೆ ಸೇರಿಸಿ. ಎರಡನೆಯದೇ ಹೆಚ್ಚು ಸಲ ಗೆಲ್ಲುತ್ತದೆ, ಯಾಕೆಂದರೆ ತಗ್ಗಿಸುತ್ತಾ ಹೋದರೆ ಕೊನೆಗೆ ಎಲ್ಲವೂ ಸಪ್ಪೆ.

ದಿಕ್ಕಿನ ಬಗ್ಗೆಯೂ ಒಂದು ಮಾತು. ಎಲ್ಲ ಬೀಸುಗಳೂ ಮೇಲ್ಮುಖವಾಗಿದ್ದರೆ ಬಟ್ಟೆಯನ್ನು ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕಾಗುತ್ತದೆ, ಹೊಲಿಯುವವರಿಗೆ ಬಟ್ಟೆ ಜಾಸ್ತಿ ಬೇಕಾಗುತ್ತದೆ. ಉಡುಪಿನ ಬಟ್ಟೆಯಾದರೆ ಅರ್ಧದಷ್ಟು ಗುರುತುಗಳನ್ನು ತಿರುಗಿಸಿ ಇಡಿ. ಪರದೆಗೆ ಈ ಚಿಂತೆ ಬೇಡ, ಅದು ಹೇಗೂ ಒಂದೇ ದಿಕ್ಕಿನಲ್ಲಿ ತೂಗುತ್ತದೆ.

6. ಅಳತೆ

ಕಂಪ್ಯೂಟರ್ ಪರದೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳುತ್ತದೆ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಮೈಮೇಲೆ ಹಿಡಿದುಕೊಂಡು ಕನ್ನಡಿ ಮುಂದೆ ನಿಲ್ಲಿ. ಪರದೆಯಾದರೆ ಕಿಟಕಿಗೆ ತೂಗುಹಾಕಿ, ನೆರಿಗೆ ಹಿಡಿದೇ ನೋಡಿ. ನೆರಿಗೆ ಹಿಡಿದಾಗ ವಿನ್ಯಾಸದ ಅರ್ಧ ಭಾಗ ಮಡಿಕೆಯೊಳಗೆ ಹೋಗಿಬಿಡುತ್ತದೆ. ಹಾಗಾಗಿ ಪರದೆಗೆ ಆಕಾರಗಳು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿರಬೇಕು.

ಯಂತ್ರದ ಮಿತಿಯೂ ಇದೆ. ರೋಟರಿ ಸ್ಕ್ರೀನಿನಲ್ಲಿ, ಅಂದರೆ ಉರುಳುವ ಸಿಲಿಂಡರ್ ಜಾಲರಿಯಲ್ಲಿ ಮುದ್ರಿಸುವುದಾದರೆ ಆ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಇರುತ್ತದೆ. ರಿಪೀಟಿನ ಎತ್ತರ 64 ಆಗಿರಬೇಕು, ಇಲ್ಲವೇ ಅದನ್ನು ಸಮನಾಗಿ ಭಾಗಿಸುವ 32, 16 ತರದ ಅಳತೆ ಆಗಿರಬೇಕು. ನೀವು ಪ್ರೀತಿಯಿಂದ 50 ಸೆಂ.ಮೀ.ಗೆ ಕಟ್ಟಿಟ್ಟರೆ ಅಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟು ಇಲ್ಲ.

ಪಿಕ್ಸೆಲ್ ಲೆಕ್ಕವೂ ನೋಡಿಕೊಳ್ಳಿ. 32 ಸೆಂ.ಮೀ. ಅನ್ನುವುದು 300 ಡಿಪಿಐನಲ್ಲಿ 3779.5 ಪಿಕ್ಸೆಲ್ ಆಗುತ್ತದೆ. ಅರ್ಧ ಪಿಕ್ಸೆಲ್ ಅನ್ನುವುದು ಇಲ್ಲವಲ್ಲ, ಸಾಫ್ಟ್‌ವೇರ್ ಅದನ್ನು ಹೇಗೋ ಮಸುಕು ಮಾಡಿ ಕೂರಿಸುತ್ತದೆ, ಜೋಡಣೆಯಲ್ಲಿ ಕೂದಲೆಳೆಯ ಗೆರೆ ಬೀಳುತ್ತದೆ. ತುಣುಕಿನ ಅಳತೆಯನ್ನು ಪೂರ್ಣ ಪಿಕ್ಸೆಲ್ಲಿಗೆ, ಹಾಫ್ ಡ್ರಾಪ್ ಆದರೆ ಎತ್ತರವನ್ನು ಸಮಸಂಖ್ಯೆಗೆ ತಂದು ಆಮೇಲೆ ಕೆಲಸ ಶುರು ಮಾಡಿ.

7. ಬಣ್ಣ

ಚಿತ್ರದಲ್ಲಿ ಬಣ್ಣ ಎಷ್ಟಿವೆ ಅಂತ ಯಾರೂ ಎಣಿಸುವುದಿಲ್ಲ. ಬಟ್ಟೆಯಲ್ಲಿ ಎಣಿಸಲೇಬೇಕು. ಸ್ಕ್ರೀನ್ ಪ್ರಿಂಟಿನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಸ್ಕ್ರೀನ್ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆದರೆ ಇದನ್ನು ಕೊರತೆ ಅಂದುಕೊಳ್ಳಬೇಡಿ. ಪಾರದರ್ಶಕ ಬಣ್ಣ ಬಳಸಿ ಒಂದರ ಮೇಲೊಂದು ಬೀಳುವ ಹಾಗೆ ಕಟ್ಟಿದರೆ ಮೂರು ಸ್ಕ್ರೀನಿನಿಂದ ಏಳು ಬಣ್ಣ ತೆಗೆಯಬಹುದು: ಮೂರು ಬಿಡಿಯಾಗಿ, ಎರಡೆರಡು ಸೇರಿ ಮೂರು, ಮೂರೂ ಸೇರಿ ಒಂದು. ಬಟ್ಟೆಯ ಬಣ್ಣ ಎಂಟನೆಯದು. ಅಮೂರ್ತ ಚಿತ್ರದವರಿಗೆ ಇದು ಹಬ್ಬ, ಯಾಕೆಂದರೆ ಆಕಾರಗಳು ಒಂದರ ಮೇಲೊಂದು ಹಾಯುವುದು ಅಲ್ಲಿ ಸಹಜವಾಗಿ ಬರುತ್ತದೆ.

ಪಕ್ಕ ಪಕ್ಕ ಬರುವ ಬಣ್ಣಗಳು ಅರ್ಧ ಮಿಲಿಮೀಟರಿನಷ್ಟಾದರೂ ಒಂದರ ಮೇಲೊಂದು ಬೀಳುವ ಹಾಗೆ ಇಡಿ. ಮುದ್ರಿಸುವಾಗ ಬಟ್ಟೆ ಸ್ವಲ್ಪ ಸರಿಯುತ್ತದೆ, ಆಗ ನಡುವೆ ಬಿಳಿ ಗೆರೆ ಇಣುಕುತ್ತದೆ. ಇಲ್ಲವೇ ಆ ಸರಿಯುವಿಕೆಯನ್ನೇ ವಿನ್ಯಾಸ ಮಾಡಿಕೊಳ್ಳಿ. ಬಣ್ಣದ ಮಚ್ಚೆ ಒಂದು ಕಡೆ, ಅದರ ಗೆರೆ ಸ್ವಲ್ಪ ಪಕ್ಕಕ್ಕೆ. ಐವತ್ತರ ದಶಕದ ಬಟ್ಟೆಗಳಲ್ಲಿ ಈ ತರದ್ದು ಬೇಕಾದಷ್ಟು ಸಿಗುತ್ತದೆ. ಬಟ್ಟೆ ವಿನ್ಯಾಸಕಿ ಲೂಸಿಯೆನ್ ಡೇ 1951ರ ಬ್ರಿಟನ್ ಉತ್ಸವಕ್ಕೆ ಮಾಡಿದ ‘ಕೇಲಿಕ್ಸ್’ ಅನ್ನುವ ಪರದೆ ಬಟ್ಟೆಯನ್ನು ಹುಡುಕಿ ನೋಡಿ. ತೆಳು ಗೆರೆಗಳು, ಬಟ್ಟಲಿನಂಥ ಆಕಾರಗಳು. ಕ್ಲೀ ಮತ್ತು ಮಿರೋ ಚಿತ್ರಗಳ ಪ್ರಭಾವ ಅದರಲ್ಲಿ ಕಾಣುತ್ತದೆ, ಆದರೂ ಅದು ಯಾರ ಚಿತ್ರದ ನಕಲೂ ಅಲ್ಲ, ನೆರಿಗೆಯಲ್ಲಿ ತೂಗುವುದಕ್ಕೆಂದೇ ಕಟ್ಟಿದ ವಿನ್ಯಾಸ.

ಡಿಜಿಟಲ್ ಮುದ್ರಣದಲ್ಲಿ ಬಣ್ಣದ ಲೆಕ್ಕ ಇಲ್ಲ, ಆದರೆ ಬೇರೆ ತೊಡಕು ಇದೆ. ಕಂಪ್ಯೂಟರ್ ಪರದೆಯಲ್ಲಿ ಬೆಳಕಿನಿಂದ ಹೊಳೆಯುವ ನೀಲಿ ಹಸಿರುಗಳು ಬಟ್ಟೆ ಮೇಲೆ ಬರುವುದೇ ಇಲ್ಲ. ಮುದ್ರಿಸುವವರ ಹತ್ತಿರ ಬಣ್ಣದ ಚೌಕಗಳ ಚಾರ್ಟ್ ಅನ್ನು ನೀವು ಬಳಸುವ ಬಟ್ಟೆಯ ಮೇಲೇ ಮುದ್ರಿಸಿ ಕೊಡಿ ಅಂತ ಕೇಳಿ. ಆ ಚಾರ್ಟನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಆರಿಸಿ, ಪರದೆ ನೋಡಿ ಆರಿಸಬೇಡಿ. ಚಾರ್ಟನ್ನು ಹಗಲು ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ನೋಡಿ. ಕೆಲವು ಬೂದು ಬಣ್ಣಗಳು ದೀಪದಡಿ ಇದ್ದಕ್ಕಿದ್ದ ಹಾಗೆ ಹಸಿರಿಗೆ ತಿರುಗುತ್ತವೆ.

ಒಂದೇ ವಿನ್ಯಾಸವನ್ನು ಮೂರ್ನಾಲ್ಕು ಬಣ್ಣಜೋಡಿಯಲ್ಲಿ ಮಾಡಿಡಿ. ಬರೀ ಬಣ್ಣ ಬದಲಿಸಿದರೆ ಸಾಲದು, ಗಾಢ ತಿಳಿಯ ಕ್ರಮವನ್ನೂ ತಿರುಗಿಸಿ. ಕಪ್ಪು ಹಿನ್ನೆಲೆಗೆ ಹೋದಾಗ ನೀವು ಗಮನಿಸದೇ ಇದ್ದ ಆಕಾರಗಳು ಮುಂದೆ ಬರುತ್ತವೆ.

8. ನೂಲು ಮತ್ತು ಬಣ್ಣದ ನಂಟು

ಇದು ರಸಾಯನಶಾಸ್ತ್ರ, ಆದರೆ ಇಷ್ಟು ಗೊತ್ತಿದ್ದರೆ ಸಾಕು. ಹತ್ತಿ, ಲಿನನ್, ವಿಸ್ಕೋಸಿಗೆ ರಿಯಾಕ್ಟಿವ್ ಬಣ್ಣ. ಅದು ನೂಲಿನ ಜೊತೆ ಬಂಧ ಕಟ್ಟಿಕೊಳ್ಳುತ್ತದೆ, ಹಾಗಾಗಿ ಬಟ್ಟೆ ಮೆತ್ತಗೇ ಉಳಿಯುತ್ತದೆ, ಆದರೆ ಮುದ್ರಿಸಿದ ಮೇಲೆ ಹಬೆ ಕೊಡಬೇಕು, ಚೆನ್ನಾಗಿ ತೊಳೆಯಬೇಕು. ರೇಷ್ಮೆ, ಉಣ್ಣೆ, ನೈಲಾನಿಗೆ ಆ್ಯಸಿಡ್ ಬಣ್ಣ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣ, ಕಾಗದದ ಮೇಲೆ ಮುದ್ರಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಟ್ಟೆಗೆ ವರ್ಗಾಯಿಸುತ್ತಾರೆ. ಪಿಗ್ಮೆಂಟ್ ಹೆಚ್ಚುಕಡಿಮೆ ಯಾವುದರ ಮೇಲೂ ನಿಲ್ಲುತ್ತದೆ, ಅಂಟಿನ ಸಹಾಯದಿಂದ ಮೇಲ್ಮೈಯಲ್ಲೇ ಕೂರುತ್ತದೆ.

ಇದು ವಿನ್ಯಾಸಕ್ಕೆ ಏಕೆ ಬೇಕು? ನಿಮ್ಮ ಚಿತ್ರದಲ್ಲಿ ದೊಡ್ಡ ದೊಡ್ಡ ಗಾಢ ಮಚ್ಚೆಗಳಿದ್ದು ಅದನ್ನು ಪಿಗ್ಮೆಂಟಿನಲ್ಲಿ ಮುದ್ರಿಸಿದರೆ ಆ ಜಾಗ ಬಿರುಸಾಗುತ್ತದೆ. ದಿಂಬಿನ ಕವರಿಗೆ ಪರವಾಗಿಲ್ಲ, ಕುತ್ತಿಗೆಗೆ ಸುತ್ತುವ ಶಾಲಿಗೆ ಆಗುವುದಿಲ್ಲ. ಹಾಗೆಯೇ ಒರಟು ಲಿನನ್ ಮೇಲೆ ಕೂದಲಿನಷ್ಟು ತೆಳು ಪೆನ್ಸಿಲ್ ಗೆರೆ ನಿಲ್ಲುವುದಿಲ್ಲ, ನೂಲಿನ ಉಬ್ಬು ತಗ್ಗಿನಲ್ಲಿ ತುಂಡು ತುಂಡಾಗುತ್ತದೆ. ಗೆರೆ ದಪ್ಪ ಮಾಡಿ, ಇಲ್ಲವೇ ನಯವಾದ ಬಟ್ಟೆಗೆ ಹೋಗಿ.

9. ನೇಯುವುದಾದರೆ

ನೇಯ್ಗೆಯಲ್ಲಿ ಗೆರೆ ಅನ್ನುವುದೇ ಇಲ್ಲ. ಇರುವುದು ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ), ಎರಡರಲ್ಲಿ ಯಾವುದು ಮೇಲೆ ಬಂತು ಅನ್ನುವುದು, ಅಷ್ಟೇ. 1804ರ ಜಕಾರ್ಡ್ ಯಂತ್ರ ರಂಧ್ರ ಕೊರೆದ ಕಾರ್ಡುಗಳಿಂದ ಇದನ್ನೇ ನಿಯಂತ್ರಿಸಿತು, ಇಂದಿನ ಕಂಪ್ಯೂಟರ್ ಮಗ್ಗವೂ ಮಾಡುವುದು ಅದನ್ನೇ. ಹಾಗಾಗಿ ಚಿತ್ರವನ್ನು ಚೌಕಗಳ ಕಾಗದಕ್ಕೆ ಇಳಿಸಬೇಕು.

ಇಲ್ಲಿ ಒಂದು ಲೆಕ್ಕ ತಪ್ಪಿದರೆ ಎಲ್ಲ ಆಕಾರವೂ ಸೊಟ್ಟ. ಉದಾಹರಣೆಗೆ ಒಂದು ಸೆಂ.ಮೀ.ಗೆ 40 ಹಾಸಿನ ಎಳೆ, 20 ಹೊಕ್ಕಿನ ಎಳೆ ಇದೆ ಅಂದುಕೊಳ್ಳಿ. ಚೌಕದ ಕಾಗದದಲ್ಲಿ 100 ಅಡ್ಡ 100 ಮನೆಯ ವೃತ್ತ ಬರೆದರೆ ಬಟ್ಟೆಯಲ್ಲಿ ಅದು ಎರಡೂವರೆ ಸೆಂ.ಮೀ. ಅಗಲ, ಐದು ಸೆಂ.ಮೀ. ಎತ್ತರದ ಮೊಟ್ಟೆಯಾಗುತ್ತದೆ. ಎಳೆಗಳ ಅನುಪಾತಕ್ಕೆ ತಕ್ಕ ಹಾಗೆ ಮನೆಗಳ ಆಕಾರವನ್ನು ಮೊದಲೇ ಬದಲಿಸಿಕೊಳ್ಳಿ. ಹೆಣಿಗೆಯಲ್ಲೂ ಇದೇ ಕತೆ, ಆದರೆ ಉಲ್ಟಾ. ಸಾಮಾನ್ಯ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 20 ಹೊಲಿಗೆ, 28 ಸಾಲು ಬಂದರೆ, ಚೌಕದಲ್ಲಿ ಬರೆದ ವೃತ್ತ ಚಪ್ಪಟೆಯಾಗುತ್ತದೆ.

ನೂಲು ತುಂಬ ದೂರ ಸಡಿಲವಾಗಿ ತೇಲಿದರೆ ಬೆರಳಿಗೆ, ಬಳೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದೊಡ್ಡ ಖಾಲಿ ಆಕಾರದೊಳಗೂ ನೂಲನ್ನು ಅಲ್ಲಲ್ಲಿ ಕಟ್ಟಬೇಕು, ಆ ಕಟ್ಟುವ ರೀತಿಯೇ ಒಂದು ಮೈ ಕೊಡುತ್ತದೆ. ಚಿತ್ರದಲ್ಲಿ ಬಣ್ಣದಿಂದ ಹೇಳಿದ್ದನ್ನು ಇಲ್ಲಿ ಮೈಯಿಂದ ಹೇಳಿ: ಒಂದು ಆಕಾರ ಸ್ಯಾಟಿನ್ ನೇಯ್ಗೆಯಲ್ಲಿ ಹೊಳೆಯಲಿ, ಪಕ್ಕದ್ದು ಸಾದಾ ನೇಯ್ಗೆಯಲ್ಲಿ ಮಂಕಾಗಿರಲಿ. ಬಣ್ಣವೂ ಬೆರೆಯುತ್ತದೆ ಅನ್ನುವುದು ನೆನಪಿರಲಿ. ನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಹಾಕಿದರೆ ದೂರದಿಂದ ನೇರಳೆ.

ಆ್ಯನಿ ಆಲ್ಬರ್ಸ್ 1922ರಲ್ಲಿ ಜರ್ಮನಿಯ ಬಾಹೌಸ್ ಶಾಲೆ ಸೇರಿ ನೇಯ್ಗೆ ವಿಭಾಗದಲ್ಲಿ ಕಲಿತವರು, 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅವರು ಕಾಗದದ ಮೇಲೆ ಮಾಡಿದ ವಿನ್ಯಾಸಗಳನ್ನೂ ನೇಯ್ದ ಬಟ್ಟೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಕಲಿಯುವುದು ಬಹಳ ಇದೆ. ಕಾಗದದಲ್ಲೇ ಎಲ್ಲವೂ ಅಡ್ಡ ಮತ್ತು ಉದ್ದ. ಮಗ್ಗ ಏನು ಮಾಡಬಲ್ಲದು ಅಂತ ಗೊತ್ತಿದ್ದವರ ಕೈ ಅದು.

10. ಸ್ಯಾಂಪಲ್

ಥಾನಿಗೆ ಆರ್ಡರ್ ಕೊಡುವ ಮುಂಚೆ ಕನಿಷ್ಠ ಒಂದು ಪೂರ್ತಿ ರಿಪೀಟ್ ಬರುವಷ್ಟು ಸ್ಯಾಂಪಲ್ ತರಿಸಿ. ಅಂಗೈಯಗಲದ ತುಂಡು ಸಾಲದು, ಜೋಡಣೆ ಕಾಣಬೇಕು.

ಬಂದ ಸ್ಯಾಂಪಲನ್ನು ಮೆಚ್ಚಿ ಮಡಚಿಡಬೇಡಿ, ಅದಕ್ಕೆ ಕಷ್ಟ ಕೊಡಿ. ಅರ್ಧ ಕತ್ತರಿಸಿ ಒಂದನ್ನು ಹಾಗೇ ಇಟ್ಟುಕೊಳ್ಳಿ. ಇನ್ನೊಂದರ ಮೇಲೆ ಅಳತೆ ಮಾಡಿ ಚೌಕ ಎಳೆದು ತೊಳೆಯಿರಿ, ಒಣಗಿಸಿ, ಮತ್ತೆ ಅಳೆಯಿರಿ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಶೇ. 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ, ಉದ್ದಕ್ಕೆ ಅಡ್ಡಕ್ಕೆ ಒಂದೇ ಸಮ ಕುಗ್ಗುವುದೂ ಇಲ್ಲ. ವೃತ್ತಗಳೇ ತುಂಬಿದ ವಿನ್ಯಾಸವಾದರೆ ಇದು ಕಣ್ಣಿಗೆ ಕಾಣುತ್ತದೆ. ಒಣ ಬಿಳಿ ಬಟ್ಟೆಯಿಂದ ಒಮ್ಮೆ, ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ. ಕಿಟಕಿಯ ಗಾಜಿಗೆ ಒಂದು ಪಟ್ಟಿಯನ್ನು ಅರ್ಧ ಮುಚ್ಚಿ ಹಚ್ಚಿ ಕೆಲವು ವಾರ ಬಿಡಿ, ಬಿಸಿಲಿಗೆ ಮಾಸುತ್ತದೆಯೇ ಗೊತ್ತಾಗುತ್ತದೆ.

ಆಮೇಲೆ ಅದನ್ನು ಏನಾದರೂ ಹೊಲಿಯಿರಿ. ಸಣ್ಣ ಚೀಲವಾದರೂ ಸರಿ. ಹೊಲಿಗೆಯ ಕಡೆ ವಿನ್ಯಾಸ ಹೇಗೆ ತುಂಡಾಗುತ್ತದೆ ಅನ್ನುವುದು ಹೊಲಿದಾಗಲೇ ತಿಳಿಯುವುದು. ಚಿತ್ರಕಲಾವಿದೆ ಸೋನಿಯಾ ದೆಲೋನೆ 1911ರಲ್ಲಿ ಮಗನಿಗಾಗಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಒಂದು ಹೊದಿಕೆ ಮಾಡಿದರು, ಬಣ್ಣದ ತುಂಡುಗಳ ಆ ಜೋಡಣೆ ಆಮೇಲೆ ಅವರ ಚಿತ್ರಗಳಿಗೂ, ಇಪ್ಪತ್ತರ ದಶಕದ ಬಟ್ಟೆ ವಿನ್ಯಾಸಗಳಿಗೂ ಹರಿಯಿತು. ದಾರಿ ಎರಡೂ ಕಡೆ ಓಡುತ್ತದೆ. ಹೊಲಿದ ಚೀಲದಲ್ಲಿ ಚಂದ ಕಂಡ ಒಂದು ಒಡಕು ಜೋಡಣೆಯಿಂದ ಮುಂದಿನ ಚಿತ್ರ ಶುರುವಾಗಬಹುದು.

ಒಂದು ವಿನ್ಯಾಸ ಗಟ್ಟಿಯಾದ ಮೇಲೆ ಅದರ ಜೊತೆಗೆ ಎರಡು ಸರಳವಾದವನ್ನು ಕಟ್ಟಿ. ಒಂದರಲ್ಲಿ ಬರೀ ಗೆರೆ ಪದರ, ಇನ್ನೊಂದರಲ್ಲಿ ಬರೀ ಸಣ್ಣ ಚುಕ್ಕೆ. ನಾಲ್ಕನೇ ಹಂತದಲ್ಲಿ ಪದರಗಳನ್ನು ಬೇರೆ ಇಟ್ಟಿದ್ದು ಈಗ ಒದಗುತ್ತದೆ. ದೊಡ್ಡ ವಿನ್ಯಾಸದ ಪರದೆ ಕೊಂಡವರು ದಿಂಬಿಗೆ ಅದೇ ಬೇಡ ಅನ್ನುತ್ತಾರೆ, ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕುತ್ತಾರೆ.

11. ಕಡತ ಕೊಡುವಾಗ

ಒಂದು ತುಣುಕಿನ ಟಿಫ್, ಅದರ ಅಳತೆ ಸೆಂ.ಮೀ.ನಲ್ಲಿ, ರಿಪೀಟ್ ಯಾವ ತರದ್ದು, ಬಟ್ಟೆಯ ಉದ್ದ ಯಾವ ಕಡೆ ಅನ್ನುವ ಬಾಣದ ಗುರುತು, ಬಣ್ಣಗಳ ಪಟ್ಟಿ, ಜೊತೆಗೆ ಒಂಬತ್ತು ತುಣುಕು ಜೋಡಿಸಿದ ಒಂದು ಸಣ್ಣ ಚಿತ್ರ. ಕೊನೆಯದು ಇಲ್ಲದಿದ್ದರೆ ಹಾಫ್ ಡ್ರಾಪನ್ನು ನೇರ ರಿಪೀಟಾಗಿ ಮುದ್ರಿಸಿಬಿಡುವ ಸಾಧ್ಯತೆ ಇದ್ದೇ ಇದೆ. ಅವರ ಯಂತ್ರಕ್ಕೆ ಹಾಫ್ ಡ್ರಾಪ್ ಆಗುವುದಿಲ್ಲ ಅಂದರೆ ಎರಡು ಸಾಲನ್ನು ಸೇರಿಸಿ ಎರಡು ಪಟ್ಟು ಅಗಲದ ತುಣುಕು ಮಾಡಿ ಕೊಡಿ, ಅದು ನೇರವಾಗಿ ಮರುಕಳಿಸುತ್ತದೆ, ಕಾಣುವುದು ಹಾಫ್ ಡ್ರಾಪಿನ ಹಾಗೆ.

ವಿನ್ಯಾಸವನ್ನು ಮಾರುವುದಾದರೆ ಏನು ಮಾರುತ್ತಿದ್ದೀರಿ ಅಂತ ಬರಹದಲ್ಲಿ ಇರಲಿ: ಮೂಲ ಚಿತ್ರವೇ, ಅದರ ಹಕ್ಕೇ, ಅಥವಾ ಇಂತಿಷ್ಟು ಕಾಲ ಇಂಥ ವಸ್ತುವಿನ ಮೇಲೆ ಬಳಸುವ ಅನುಮತಿಯೇ. ಮೂರೂ ಬೇರೆ ಬೇರೆ. ಪದರಗಳಿರುವ ಮೂಲ ಕಡತ ನಿಮ್ಮ ಹತ್ತಿರವೇ ಇರಲಿ, ಹೊರಗೆ ಹೋಗುವುದು ಒಂದೇ ಪದರಕ್ಕೆ ಕೂಡಿಸಿದ ಪ್ರತಿ. ತೊಳೆಯದೆ ಎತ್ತಿಟ್ಟ ಅರ್ಧ ಸ್ಯಾಂಪಲಿಗೆ ಬಟ್ಟೆಯ ಹೆಸರು, ಬಣ್ಣದ ಜಾತಿ, ತಾರೀಕು ಬರೆದ ಚೀಟಿ ಪಿನ್ ಮಾಡಿ ಫೈಲಿನಲ್ಲಿ ಇಡಿ. ಮುಂದಿನ ಸಲ ಅದೇ ವಿನ್ಯಾಸ ಮುದ್ರಿಸಿದಾಗ ಬಣ್ಣ ಸರಿಯಾಗಿದೆಯೇ ಅಂತ ಹೋಲಿಸಿ ನೋಡಬೇಕಾದದ್ದು ಆ ತುಂಡಿನ ಜೊತೆಗೇ.